‘ಅಲಿಗರಿ’ಗೆ ತರಗತಿಯಲ್ಲಿ ಯಾವ ಪದ: ರೂಪಕ ಕಥೆಯೋ ಅನ್ಯೋಕ್ತಿಯೋ?

ಪ್ರಶ್ನೆ: ಬೆಂಗಳೂರಿನ ಹೈಸ್ಕೂಲಿನಲ್ಲಿ ಒಂಬತ್ತು, ಹತ್ತನೇ ತರಗತಿಯವರಿಗೆ ‘ಅಲಿಗರಿ’ (allegory: ಒಂದು ಕಥೆ ಹೇಳುತ್ತಲೇ ಉದ್ದಕ್ಕೂ ಇನ್ನೊಂದನ್ನು ಸೂಚಿಸುವ ಬರಹ) ಓದಿಸಿ, ಬರೆಸಬೇಕಿದೆ. ‘ರೂಪಕ ಕಥೆ’ ಎಂದರೆ ಮಕ್ಕಳು ರೂಪಕಾಲಂಕಾರದ ಲಕ್ಷಣ ಒಪ್ಪಿಸುತ್ತಾರೆ. ‘ನೀತಿಕಥೆ’ ಎಂದರೆ ಪಂಚತಂತ್ರಕ್ಕೆ ಹೋಗುತ್ತಾರೆ. ‘ಅನ್ಯೋಕ್ತಿ’ ಎನ್ನಬಹುದೇ? ಬಲ್ಲವರು ತಿಳಿಸಿ.

ಉತ್ತರ 1: ಎನ್ನಬಹುದು ಮೇಡಂ, ಜೊತೆಗೆ ‘ಕಥೆ’ ಸೇರಿಸಿಕೊಳ್ಳಿ. ಅನ್ಯೋಕ್ತಿ ಹೆಚ್ಚಾಗಿ ಬಿಡಿಪದ್ಯದ ಮಾತು: ಹಂಸಕ್ಕೋ ಮೋಡಕ್ಕೋ ಹೇಳಿದಂತೆ ಮಾಡಿ ಮನುಷ್ಯನಿಗೆ ಮುಟ್ಟಿಸುವುದು. ಆಲಂಕಾರಿಕರು ಅಪ್ರಸ್ತುತಪ್ರಶಂಸೆ ಎನ್ನುವ ಅಲಂಕಾರ ಇದೇ. ಅದು ಇಡೀ ಕಥನಕ್ಕೆ ಹಬ್ಬಿದರೆ ಅನ್ಯೋಕ್ತಿ ಕಥೆ. ‘ರೂಪಕ ಕಥೆ’ ತಪ್ಪಲ್ಲ; ಆದರೆ ನೃತ್ಯರೂಪಕ, ದಶರೂಪಕ (ಹತ್ತು ಬಗೆಯ ನಾಟಕ) ಎಂದು ಆ ಪದದ ಮೇಲೆ ಆಗಲೇ ಸಾಕಷ್ಟು ಹೊರೆಯಿದೆ.

ಮಕ್ಕಳಿಗೆ ಗೊತ್ತಿರುವ ವ್ಯಾಕರಣದಿಂದಲೇ ಹೊರಡಿ. ಬಸವಣ್ಣನವರ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ’ದಲ್ಲಿ ಉಪಮೇಯ (ಕಾಲು, ದೇಹ), ಉಪಮಾನ (ಕಂಬ, ದೇಗುಲ) ಎರಡೂ ಎದುರಿಗಿವೆ, ಅಂಗಕ್ಕೆ ಅಂಗ ಹೊಂದಿಸಿರುವುದರಿಂದ ಅದು ಸಾಂಗರೂಪಕ. ಕಾಲು, ದೇಹಗಳ ಸುದ್ದಿಯೇ ಎತ್ತದೆ ಕಂಬ ದೇಗುಲಗಳ ಕಥೆಯನ್ನಷ್ಟೇ ಹೇಳಿದರೆ? ಉಪಮೇಯ ಮರೆಯಾದ ಕಥೆ ಅದು.

ಬೆಡಗಿನ (ಒಗಟಿನಂತೆ ಗೂಢವಾಗಿ ಹೇಳುವ ಪದ್ಯದ) ಜೊತೆ ಬೆರೆಸಬೇಡಿ. ಕೋಡಗವನ್ನು ಕೋಳಿ ನುಂಗಿದರೆ ಮೇಲ್ಮೈಯೇ ಅಸಂಗತ. ಒಳಗೇನೋ ಇದೆ ಎಂದು ಅದೇ ಕೂಗಿ ಹೇಳುತ್ತದೆ. ಅನ್ಯೋಕ್ತಿ ಕಥೆಗೆ ಮೇಲ್ಮೈ ತಾನಾಗಿಯೇ ನಿಲ್ಲಬೇಕು. ಜಾರ್ಜ್ ಆರ್ವೆಲ್‌ನ 1945ರ ಕಾದಂಬರಿ ‘ಅನಿಮಲ್ ಫಾರ್ಮ್’ನ ಹಂದಿ ನೆಪೋಲಿಯನ್ ಎಂದರೆ ಸೋವಿಯತ್ ನಾಯಕ ಸ್ಟಾಲಿನ್ ಎಂದು ತಿಳಿಯದವರಿಗೂ ಕಥೆ ಓಡುತ್ತದೆ.

ಉತ್ತರ 2: ಬರೆಸುವ ಬಗ್ಗೆ. ‘ಪರಿಸರ’ದಂಥ ವಿಷಯ ಕೊಟ್ಟರೆ ಭಾಷಣ ಬರುತ್ತದೆ, ನಡೆದದ್ದೊಂದನ್ನು ಕೊಡಿ. ಕೆರೆ ಒತ್ತುವರಿ ನಮ್ಮೂರಿನ ಮಕ್ಕಳಿಗೆ ವಿವರಿಸಬೇಕಿಲ್ಲ. ಐದು ಜೋಡಿ ಸಾಕು: ಮಳೆನೀರಿಗೆ ಆನೆ, ಕೆರೆಯಂಗಳಕ್ಕೆ ಅದು ವರ್ಷಕ್ಕೊಮ್ಮೆ ಬಂದು ಮಲಗುವ ಬಯಲು, ರಾಜಕಾಲುವೆಗೆ ಆನೆಯ ದಾರಿ, ಲೇಔಟ್ ಮಾಡಿದವರಿಗೆ ನರಿ, ಸೈಟು ಕೊಂಡವರಿಗೆ ಮೊಲಗಳು. ಮಿತಿ ಇನ್ನೂರು ಪದ. ಕೆರೆ, ನೀರು, ಸೈಟು ಎಂಬ ಮಾತು ಬರಕೂಡದು.

ಹೆಚ್ಚು ಎಡವುವುದು ಆನೆಯ ವಿಷಯದಲ್ಲಿ. ಆನೆ ಸಿಟ್ಟಿಗೆದ್ದು ಮೊಲಗಳನ್ನು ತುಳಿಯಿತು ಎಂದು ಬರೆಯುತ್ತಾರೆ. ಮಳೆನೀರಿಗೆ ಸೇಡಿಲ್ಲ, ಅಲ್ಲಿಗೆ ಜೋಡಿ ಮುರಿಯಿತು. ಆನೆ ರೂಢಿಯಂತೆ ಬಂದು ಮಲಗಬೇಕು, ಅಷ್ಟೇ. ಇನ್ನು ನರಿಗೆ ‘ದುರಾಸೆರಾಯ’ ಎಂಬ ಹೆಸರು! ಸಂಸ್ಕೃತದ ಪ್ರಬೋಧಚಂದ್ರೋದಯ ನಾಟಕದಲ್ಲಿ ವಿವೇಕ, ಮಹಾಮೋಹರೇ ಪಾತ್ರಗಳು ನಿಜ, ಆ ಪರಂಪರೆ ಬೇರೆ. ಮೊದಲ ಅಭ್ಯಾಸಕ್ಕೆ ಬೇಡ. ‘ಇದರ ನೀತಿ ಏನೆಂದರೆ’ ಎಂಬ ಕೊನೆಯ ಸಾಲನ್ನು ಮುಲಾಜಿಲ್ಲದೆ ಹೊಡೆದುಹಾಕಿ.

ಪರೀಕ್ಷೆ ಸುಲಭ. ಜೋಡಿಗಳ ಪಟ್ಟಿ ನೋಡದ ಸಹಪಾಠಿಗೆ ಕಥೆ ಕೊಟ್ಟು, ಮೊದಲು ‘ಏನಾಯಿತು?’, ಆಮೇಲೆ ‘ಯಾವುದರ ಬಗ್ಗೆ?’ ಎಂದು ಕೇಳಿಸಿ. ಮೊದಲನೆಯದಕ್ಕೇ ತಡವರಿಸಿದರೆ ಮೇಲ್ಮೈ ಸೋತಿದೆ. ಎರಡನೆಯದು ಹೊಳೆಯದಿದ್ದರೆ ವಿವರಣೆಯ ವಾಕ್ಯ ಬೇಡ, ಒಂದು ಘಟನೆ ಸೇರಿಸಲಿ: ಆನೆ ಅತ್ತ ಹೋದ ಮೇಲೆ ನರಿ ಬಯಲನ್ನು ಹೆಜ್ಜೆಯಲ್ಲಿ ಅಳೆದು ಗೂಟ ನೆಟ್ಟಿತು.