ಕಂಟ್ರೋಲ್ ಟ್ಯೂಬಿನಲ್ಲೇ 12% ಸೊಳ್ಳೆ ಸತ್ತರೆ ನಿರೋಧಕತೆಯ ಫಲಿತಾಂಶ ಹೇಗೆ ಓದಬೇಕು?

ಲಾರ್ವಾ_ಟ್ರೇ:
ನಮಸ್ಕಾರ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಕೀಟನಾಶಕಕ್ಕೆ ನಿರೋಧಕವೇ ಎಂದು ತಿಳಿಯಲು, ಡೆಲ್ಟಾಮೆಥ್ರಿನ್ (ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ) 0.05% ಸವರಿದ ಕಾಗದ ಬಳಸಿ ವಿಶ್ವ ಆರೋಗ್ಯ ಸಂಸ್ಥೆಯ ಟ್ಯೂಬ್ ಪರೀಕ್ಷೆ ಆಗಿದೆ. ನಾಲ್ಕು ಟ್ಯೂಬು, ತಲಾ 25 ಹೆಣ್ಣು ಸೊಳ್ಳೆ, ವಯಸ್ಸು 3ರಿಂದ 5 ದಿನ, ರಕ್ತ ಕುಡಿಸಿಲ್ಲ. ಒಂದು ಗಂಟೆ ಕಾಗದದ ಸಂಪರ್ಕ, 24 ಗಂಟೆಯ ನಂತರ ಎಣಿಕೆ: 100ರಲ್ಲಿ 91 ಸತ್ತಿವೆ. ಬರೀ ಎಣ್ಣೆ ಸವರಿದ ಕಾಗದದ ಎರಡು ಕಂಟ್ರೋಲ್ ಟ್ಯೂಬುಗಳಲ್ಲಿ 50ಕ್ಕೆ 6 ಸತ್ತಿವೆ. 91% ಎಂದರೆ "ನಿರೋಧಕತೆ ಇರುವ ಸಾಧ್ಯತೆ" ಎಂದು ವರದಿಯಲ್ಲಿ ಬರೆಯಬಹುದೇ?

ಟ್ಯೂಬ್_ಕಿಟ್:
91ನ್ನು ಹಾಗೇ ಬರೆಯಬೇಡಿ. ಕಂಟ್ರೋಲ್ ಸಾವು 5%ಗಿಂತ ಕಡಿಮೆ ಇದ್ದರೆ ತಿದ್ದುಪಡಿ ಬೇಡ, 20% ಮುಟ್ಟಿದರೆ ಇಡೀ ಪರೀಕ್ಷೆ ರದ್ದು. ನಿಮ್ಮದು 12%, ನಡುವೆ ಬರುತ್ತದೆ, ಹಾಗಾಗಿ ಔಷಧವಿಲ್ಲದೆಯೂ ಆಗುವ ಸಾವನ್ನು ಕಳೆಯುವ ಅಬಾಟ್ ಸೂತ್ರ ಹಾಕಲೇಬೇಕು: (91 − 12) ÷ (100 − 12) = 79 ÷ 88, ಅಂದರೆ 89.8%.

98% ಮತ್ತು ಮೇಲಿದ್ದರೆ ಸೊಳ್ಳೆ ಔಷಧಕ್ಕೆ ಬಗ್ಗುತ್ತದೆ, 90ರಿಂದ 97 ಇದ್ದರೆ ಅನುಮಾನ, 90ಕ್ಕಿಂತ ಕೆಳಗೆ ಹೋದರೆ ನಿರೋಧಕತೆ ಖಚಿತ. ತಿದ್ದುಪಡಿಯಿಂದಾಗಿ ನೀವು ಗೆರೆ ದಾಟಿದಿರಿ. ಆದರೆ 100 ಸೊಳ್ಳೆಗಳ ಎಣಿಕೆಯಲ್ಲಿ 91%ರ ನಿಜವಾದ ಬೆಲೆ ಸುಮಾರು 84ರಿಂದ 96ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಅದಕ್ಕೇ 89.8 ಎಂಬ ಒಂದೇ ಅಂಕಿಯ ಮೇಲೆ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಕಂಟ್ರೋಲ್ ಸರಿಪಡಿಸಿ ಮತ್ತೊಮ್ಮೆ ಮಾಡಿ.

ಅಂದ ಹಾಗೆ, ಈ ಕಾಗದ ಎಷ್ಟನೇ ಸಲ ಬಳಸಿದ್ದು?

ಲಾರ್ವಾ_ಟ್ರೇ:
ಎಂಟನೇ ಸಲ. ಪ್ರತಿ ಸಲವೂ ಫ್ರಿಜ್‌ನಿಂದ ತೆಗೆದ ಕೂಡಲೇ ಟ್ಯೂಬಿಗೆ ಸುತ್ತಿದ್ದೇವೆ.

ಟ್ಯೂಬ್_ಕಿಟ್:
ಹಾಗಾದರೆ ಈ ಫಲಿತಾಂಶ ಬಿಟ್ಟುಬಿಡಿ. ಪೈರೆಥ್ರಾಯ್ಡ್ ಕಾಗದಕ್ಕೆ ಆರು ಸಲವೇ ಮಿತಿ. ಪ್ರತಿ ಬಳಕೆಯಲ್ಲೂ ಸೊಳ್ಳೆಗಳ ಕಾಲಿಗೆ ಅಂಟಿ ಔಷಧ ಕಡಿಮೆಯಾಗುತ್ತದೆ, ಬದುಕುಳಿದ ಸೊಳ್ಳೆ ನಿರೋಧಕವೋ ಕಾಗದ ಸತ್ವ ಕಳೆದುಕೊಂಡಿದೆಯೋ ಗೊತ್ತಾಗುವುದಿಲ್ಲ. ತಣ್ಣಗಿನ ಪೊಟ್ಟಣ ಬಿಚ್ಚಿದರೆ ಕಾಗದದ ಮೇಲೆ ನೀರಿನ ಪಸೆ ಕೂರುತ್ತದೆ. 4 ಡಿಗ್ರಿಯಲ್ಲಿ ಇಟ್ಟಿದ್ದನ್ನು ಕೋಣೆಯ ತಾಪಮಾನಕ್ಕೆ ಬಂದ ಮೇಲೇ ಬಿಚ್ಚಿ. ಔಷಧಕ್ಕೆ ಬಗ್ಗುವ ಪ್ರಯೋಗಾಲಯ ತಳಿ ಕೈಯಲ್ಲಿದ್ದರೆ ಅದನ್ನು ಇದೇ ಕಾಗದದ ಮೇಲೆ ಬಿಟ್ಟು ನೋಡಿ. ಅಲ್ಲೂ ಸಾವು 98% ಮುಟ್ಟದಿದ್ದರೆ ತಪ್ಪು ಕಾಗದದ್ದೇ.

ಪಂಜರ_ಪಾಲಕಿ:
ಕಂಟ್ರೋಲ್ ಸಾವಿನ ಬಗ್ಗೆ ಹೇಳುತ್ತೇನೆ, ಹೆಚ್ಚಿನವರು ಎಡವುವುದು ಅಲ್ಲೇ. ಮೊದಲು ಲಾರ್ವಾ ಟ್ರೇ ನೋಡಿ. ಒತ್ತೊತ್ತಾಗಿ ಬೆಳೆದ ಲಾರ್ವಾಗಳಿಂದ ಸಣಕಲು ಸೊಳ್ಳೆ ಹುಟ್ಟುತ್ತದೆ, ಅದು ಔಷಧವಿಲ್ಲದೆಯೂ ಸಾಯುತ್ತದೆ. ಸೊಳ್ಳೆ ಹೀರಿ ಹಿಡಿಯುವ ಆಸ್ಪಿರೇಟರ್‌ನಿಂದ ಜೋರಾಗಿ ಎಳೆದರೆ ಕಾಲು ಮುರಿಯುತ್ತದೆ. ಅದಕ್ಕಾಗಿಯೇ ಹಸಿರು ಚುಕ್ಕೆಯ (ಔಷಧವಿಲ್ಲದ) ಟ್ಯೂಬಿನಲ್ಲಿ ಒಂದು ಗಂಟೆ ಬಿಟ್ಟು, ಸತ್ತದ್ದು, ಕುಂಟುವುದನ್ನು ತೆಗೆದು, ಆಮೇಲೆ ಕೆಂಪು ಚುಕ್ಕೆಯ (ಔಷಧದ ಕಾಗದವಿರುವ) ಟ್ಯೂಬಿಗೆ ಊದುವುದು.

ಆಮೇಲಿನ 24 ಗಂಟೆಯೂ ಅಷ್ಟೇ ಮುಖ್ಯ. 27 ಡಿಗ್ರಿ (ಎರಡು ಡಿಗ್ರಿ ಆಚೀಚೆ), ಆರ್ದ್ರತೆ 75% (ಹತ್ತು ಆಚೀಚೆ). 10% ಸಕ್ಕರೆ ನೀರಿನ ಹತ್ತಿಯನ್ನು ಚೆನ್ನಾಗಿ ಹಿಂಡಿ ಬಲೆಯ ಮೇಲಿಡಿ. ತೊಟ್ಟಿಕ್ಕಿದರೆ ಸೊಳ್ಳೆ ಗೋಡೆಗೆ ಅಂಟಿ ಸಾಯುತ್ತದೆ, ಒಣಗಿದರೆ ಬಾಯಾರಿ ಸಾಯುತ್ತದೆ. ಇರುವೆ ಬಾರದಂತೆ ಟ್ರೇ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ.

ಎಣಿಸುವಾಗಲೂ ಎಚ್ಚರ: ನಿಲ್ಲಲಾಗದ, ನೆಟ್ಟಗೆ ಹಾರಲಾಗದ ಸೊಳ್ಳೆ ಕಾಲಾಡಿಸುತ್ತಿದ್ದರೂ ಸತ್ತ ಲೆಕ್ಕಕ್ಕೇ ಸೇರುತ್ತದೆ.

ಇನ್ನೊಂದು ಮಾತು. ಲಾರ್ವಾಗಳನ್ನು ಒಂದೇ ಹೊಂಡದಿಂದ ತಂದಿದ್ದರೆ ನೀವು ಪರೀಕ್ಷಿಸಿದ್ದು ಒಡಹುಟ್ಟಿದವರನ್ನು ಇರಬಹುದು. ಹಲವು ಹೊಂಡಗಳಿಂದ ಕೂಡಿಸಿ. ಬದುಕಿದವನ್ನೂ ಸತ್ತವನ್ನೂ ಬೇರೆಬೇರೆ ಡಬ್ಬಿಗಳಲ್ಲಿ ಸಿಲಿಕಾ ಜೆಲ್ ಜೊತೆ ಎತ್ತಿಡಿ, ಜಾತಿ ಗುರುತಿಗೂ ಕೆಡಿಆರ್ (ಔಷಧ ತಾಗುವ ನರದ ಭಾಗವನ್ನೇ ಬದಲಿಸಿ ನಿರೋಧಕತೆ ಕೊಡುವ ರೂಪಾಂತರ) ಜೀನ್ ಪರೀಕ್ಷೆಗೂ ಬೇಕಾಗುತ್ತದೆ.

ಲಾರ್ವಾ_ಟ್ರೇ:
ಹೊಸ ಕಾಗದದಲ್ಲೂ 90ಕ್ಕಿಂತ ಕೆಳಗೆ ಬಂದರೆ ಮುಂದೇನು?

ಟ್ಯೂಬ್_ಕಿಟ್:
ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿ. ನಿರೋಧಕತೆ ಎಷ್ಟು ತೀವ್ರ? 5 ಪಟ್ಟು ಔಷಧವಿರುವ ಕಾಗದದಲ್ಲಿ 98% ಸತ್ತರೆ ಕಡಿಮೆ, 10 ಪಟ್ಟಿನಲ್ಲೂ ಅಷ್ಟು ಸಾಯದಿದ್ದರೆ ಅತಿ ಹೆಚ್ಚು. ಏನು ಕಾರಣ? 4% ಪಿಬಿಒ (ಪೈಪೆರೊನಿಲ್ ಬ್ಯುಟಾಕ್ಸೈಡ್, ಕೀಟನಾಶಕದ ಪರಿಣಾಮ ಹೆಚ್ಚಿಸುವ ರಾಸಾಯನಿಕ) ಕಾಗದದ ಮೇಲೆ ಒಂದು ಗಂಟೆ ಬಿಟ್ಟು, ತಕ್ಷಣ ಡೆಲ್ಟಾಮೆಥ್ರಿನ್‌ಗೆ ಒಂದು ಗಂಟೆ. ಜೊತೆಗೆ ಪಿಬಿಒ ಮಾತ್ರ, ಡೆಲ್ಟಾಮೆಥ್ರಿನ್ ಮಾತ್ರ ತಾಗಿದ ಗುಂಪುಗಳೂ ಇರಲಿ. ಪಿಬಿಒ ಸೊಳ್ಳೆಯ ಪಿ450 ಕಿಣ್ವಗಳನ್ನು ತಡೆಯುತ್ತದೆ. ಸಾವು 98%ಗೆ ಏರಿದರೆ ಔಷಧ ಜೀರ್ಣಿಸಿಕೊಳ್ಳುತ್ತಿದ್ದುದು ಅವೇ. ಸ್ವಲ್ಪ ಮಾತ್ರ ಏರಿದರೆ ಕೆಡಿಆರ್‌ನಂಥ ಬೇರೆ ಕಾರಣವೂ ಇದೆ. ಪಿಬಿಒ ಸೇರಿಸಿದ ಸೊಳ್ಳೆಪರದೆ ಅಲ್ಲಿ ಕೆಲಸ ಮಾಡೀತೇ ಎಂಬ ಸುಳಿವು ಇಲ್ಲಿಂದಲೇ ಸಿಗುತ್ತದೆ.

ಪಂಜರ_ಪಾಲಕಿ:
ಕ್ಲೋರ್‌ಫೆನಪೈರ್ ಎಂಬ ಬೇರೆ ಬಗೆಯ ಕೀಟನಾಶಕದ ಪರದೆಯ ಯೋಚನೆ ಇದ್ದರೆ ಅದನ್ನು ಈ ಟ್ಯೂಬ್ ಕಾಗದದಲ್ಲಿ ಪರೀಕ್ಷಿಸಬೇಡಿ. ಅದಕ್ಕೆ ಒಳಗೋಡೆಗೆ ಔಷಧ ಸವರಿದ ಬಾಟಲಿಯ ಪರೀಕ್ಷೆ ಬೇಕು. ಅದು ಸೊಳ್ಳೆಯ ಮೈಯೊಳಗೆ ಅದೇ ಪಿ450 ಕಿಣ್ವಗಳಿಂದ ವಿಷವಾಗಿ ಬದಲಾಗಬೇಕು, ನಿಧಾನವಾಗಿ ಕೊಲ್ಲುತ್ತದೆ, ಸಾವು ಎಣಿಸುವುದು 72 ಗಂಟೆಗೆ. 24 ಗಂಟೆಗೇ ಎಣಿಸಿ ನಿಲ್ಲಿಸಿದರೆ ಇಲ್ಲದ ನಿರೋಧಕತೆ ಕಂಡೀತು.