ಓದಿದ್ದನ್ನೆಲ್ಲ ಬರೆದಿಡುವವರಿಗೆ ಒಂದು ಪ್ರಶ್ನೆ: ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?

ಶಿರಸಿಯ ಓದುಗಿ:

ಅಡಿಕೆ ವ್ಯವಹಾರದ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಕಾಲೇಜಿನ ದಿನಗಳಿಂದಲೂ ಓದಿದ ಪುಸ್ತಕಗಳನ್ನು ಉದ್ದನೆಯ ರೂಲು ಪುಸ್ತಕದಲ್ಲಿ ಬರೆದಿಡುತ್ತ ಬಂದಿದ್ದೇನೆ. ತಾರೀಖು, ಪುಸ್ತಕದ ಹೆಸರು, ಲೇಖಕರು, ಕೊನೆಗೆ ಒಂದೆರಡು ಸಾಲಿನ ಷರಾ. ಬರೆಯುವುದು ಸುಲಭ, ಹುಡುಕುವುದು ತ್ರಾಸು. ತೇಜಸ್ವಿಯವರದ್ದು ಏನೇನು ಓದಿದ್ದೇನೆ ಎಂದು ನೋಡಬೇಕಾದರೆ ಮೊದಲ ಪುಟದಿಂದ ಬೆರಳು ಆಡಿಸುತ್ತ ಬರಬೇಕು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸೋಣ ಎಂದು ಕುಳಿತೆ. ಕಾಲಂ ಹಾಕುವಷ್ಟರಲ್ಲೇ ತಲೆ ಕೆಟ್ಟಿತು.

ನನ್ನದು ಸಾಹಿತ್ಯದ ಪಟ್ಟಿಯಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಾದಂಬರಿ, ಕವಿತೆಗಳ ನಡುವೆ ಕಾಳುಮೆಣಸಿನ ಸೊರಗು ರೋಗದ ಕಿರುಹೊತ್ತಗೆ ಇದೆ, ಯಕ್ಷಗಾನ ಪ್ರಸಂಗದ ಪುಸ್ತಿಕೆಗಳಿವೆ, ಜಿಎಸ್‌ಟಿ ಬಂದ 2017ರಲ್ಲಿ ಓದಿದ ಗೈಡು ಇದೆ, ಮಗಳಿಗೆ ಹೇಳಿಕೊಡಲು ಓದಿದ ಸಮಾಜ ವಿಜ್ಞಾನದ ಪಠ್ಯವೂ ಇದೆ. ಯಾವುದನ್ನೂ ಬಿಡುವ ಮನಸ್ಸಿಲ್ಲ. 2017ರ ಪುಟದಲ್ಲಿ ಆ ಗೈಡಿನ ಆಚೆಗೊಂದು, ಈಚೆಗೊಂದು ಕಥಾಸಂಕಲನ ಬಿಟ್ಟರೆ ಬೇರೇನೂ ಇಲ್ಲ. ಆ ವರ್ಷ ನನ್ನ ಸಂಜೆಗಳು ಎಲ್ಲಿ ಹೋದವು ಎಂಬುದಕ್ಕೆ ಬೇರೆ ದಿನಚರಿ ಬೇಡ.

ತೊಡಕು ಇರುವುದು ಪುಸ್ತಕ ಹೌದೋ ಅಲ್ಲವೋ ಎನ್ನುವಂಥವುಗಳಲ್ಲಿ. ‘ಕಸ್ತೂರಿ’ ಮಾಸಿಕದ ಪುಸ್ತಕ ವಿಭಾಗದಲ್ಲಿ ಸಂಗ್ರಹ ರೂಪದಲ್ಲಿ ಓದಿದ್ದನ್ನು ಆ ಪುಸ್ತಕವನ್ನೇ ಓದಿದಂತೆ ಬರೆಯಬಹುದೇ? ಕುಮಾರವ್ಯಾಸ ಭಾರತದ ವಿರಾಟಪರ್ವವನ್ನು ದೇವಸ್ಥಾನದಲ್ಲಿ ಗಮಕ ವಾಚನ, ವ್ಯಾಖ್ಯಾನದಲ್ಲಿ ಪೂರ್ತಿ ಕೇಳಿದ್ದೇನೆ, ಪುಸ್ತಕ ಬಿಡಿಸಿಲ್ಲ. ಅದಕ್ಕೆ ಯಾವ ಜಾಗ? ನೂರು ಪುಟ ಓದಿ ಕೈಬಿಟ್ಟದ್ದನ್ನು ಏನು ಮಾಡುವುದು?

ಇನ್ನೊಂದಿದೆ. ಅಪ್ಪ ವಾರಪತ್ರಿಕೆಯ ಧಾರಾವಾಹಿಯೊಂದನ್ನು ಕಂತು ಕಂತಾಗಿ ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು, ಖಾಕಿ ರಟ್ಟು ಹಾಕಿ ಇಟ್ಟಿದ್ದರು. ಪ್ರಕಾಶಕರಿಲ್ಲ, ಇಸವಿ ಇಲ್ಲ, ಪುಟಸಂಖ್ಯೆ 14ರಿಂದ 41ಕ್ಕೆ ಹಾರಿ ಮತ್ತೆ 13ಕ್ಕೆ ಬರುತ್ತದೆ. ಕೆಲವು ಪುಟಗಳ ಬೆನ್ನಿಗೆ ತಲೆಗೂದಲಿನ ಎಣ್ಣೆಯ ಅರ್ಧ ಜಾಹೀರಾತು. ನಡುವಿನ ಒಂದು ಕಂತು ಇಲ್ಲವೇ ಇಲ್ಲ. ಆ ವಾರ ಯಾರೋ ಅದರಲ್ಲಿ ಚಕ್ಕುಲಿ ಕಟ್ಟಿಕೊಂಡು ಹೋಗಿರಬೇಕು. ಇದು ನಾನು ಅತಿ ಹೆಚ್ಚು ಸಲ ಓದಿದ ‘ಪುಸ್ತಕ’. ಇದನ್ನು ಯಾವ ಕಾಲಂನಲ್ಲಿ ಕೂರಿಸಲಿ?

ನೀವೆಲ್ಲ ಹೇಗೆ ಇಡುತ್ತೀರಿ? ನಕ್ಷತ್ರ ಕೊಡುವ ಸಲಹೆ ಮಾತ್ರ ಬೇಡ.

—

ನಿವೃತ್ತ ಗ್ರಂಥಪಾಲಕ, ಮೈಸೂರು:

ಮೇಡಂ, ನಿಮ್ಮ ತೊಡಕುಗಳೆಲ್ಲ ನಮ್ಮ ವೃತ್ತಿಯ ಹಳೆಯ ತೊಡಕುಗಳೇ. ಅರ್ಧಕ್ಕರ್ಧ ಬಗೆಹರಿಯುವುದು ಒಂದು ಕಟ್ಟುಪಾಡಿನಿಂದ: ಕೈಯಲ್ಲಿ ಹಿಡಿದದ್ದು ಯಾವುದೋ ಅದನ್ನೇ ಬರೆಯಿರಿ. ‘ಕಸ್ತೂರಿ’ಯಲ್ಲಿ ಓದಿದ್ದರೆ ‘ಕಸ್ತೂರಿ’, ತಿಂಗಳು, ಇಸವಿ. ಮೂಲ ಕೃತಿ ಇಂಥದ್ದು ಎಂಬುದು ಷರಾದಲ್ಲಿ. ನಾಳೆ ಮೂಲವನ್ನೇ ಓದಿದರೆ ಅದಕ್ಕೆ ಬೇರೆಯೇ ಸಾಲು. ಗಮಕಕ್ಕೂ ಹಾಗೆಯೇ. ‘ಓದಿದ ಬಗೆ’ ಎಂಬ ಕಾಲಂ ಇಟ್ಟು ‘ಕೇಳಿದ್ದು’ ಎಂದು ಬರೆದರೆ ತಗಾದೆ ಮುಗಿಯಿತು. ಕುಮಾರವ್ಯಾಸ ಬರೆದದ್ದು ಹತ್ತು ಪರ್ವ. ಪರ್ವಕ್ಕೊಂದು ಸಾಲು ಹಾಕಿದರೆ ಒಂಬತ್ತು ಬಾಕಿ ಇವೆ ಎಂಬುದೂ ಕಣ್ಣಿಗೆ ಬೀಳುತ್ತದೆ.

ಸಂಖ್ಯೆಯ ವಿಷಯ. ಗ್ರಂಥಾಲಯದ ಅಕ್ಸೆಷನ್ ರಿಜಿಸ್ಟರಿನಲ್ಲಿ, ಅಂದರೆ ಬಂದ ಪುಸ್ತಕಗಳನ್ನೆಲ್ಲ ನಮೂದಿಸುವ ದಾಖಲೆಯಲ್ಲಿ, ಒಂದು ಪುಸ್ತಕಕ್ಕೆ ಕೊಟ್ಟ ಕ್ರಮಸಂಖ್ಯೆಯನ್ನು, ಆ ಪುಸ್ತಕ ಕಳೆದುಹೋದರೂ ಇನ್ನೊಂದಕ್ಕೆ ಕೊಡುವುದಿಲ್ಲ. ನೀವೂ ಕೊಡಬೇಡಿ. ಸ್ವಂತ ಪುಸ್ತಕವಾದರೆ ಆ ಸಂಖ್ಯೆಯನ್ನು ಶೀರ್ಷಿಕೆ ಪುಟದ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆಯಿರಿ. ಹೇಗೂ ಆ ಪುಟ ತೆರೆಯುತ್ತೀರಲ್ಲ, ಎಷ್ಟನೆಯ ಮುದ್ರಣ, ಯಾವ ಇಸವಿ ಎಂಬುದನ್ನೂ ಇಳಿಸಿಕೊಳ್ಳಿ. ಮುದ್ರಣದ ಇಸವಿ ಬೇರೆ, ನೀವು ಓದಿದ ಇಸವಿ ಬೇರೆ, ಕೃತಿ ಮೊದಲು ಹೊರಬಂದ ಇಸವಿ ಬೇರೆ. ಮೂರೂ ಒಂದೇ ಕಾಲಂನಲ್ಲಿ ಕಲೆತ ಪಟ್ಟಿಗಳನ್ನು ಎಷ್ಟೋ ನೋಡಿದ್ದೇನೆ.

ಹೆಸರುಗಳ ಬಗ್ಗೆ ಕಟ್ಟುನಿಟ್ಟಾಗಿರಿ. ಒಬ್ಬ ಲೇಖಕರಿಗೆ ಒಂದೇ ಹೆಸರು. ಮಾಸ್ತಿಯವರ ಕತೆಗಳ ಮೇಲೆ ‘ಶ್ರೀನಿವಾಸ’ ಎಂದಿರುತ್ತದೆ, ಬೇಂದ್ರೆಯವರ ಕವನಗಳ ಮೇಲೆ ‘ಅಂಬಿಕಾತನಯದತ್ತ’, ತ್ರಿವೇಣಿಯವರ ನಿಜ ಹೆಸರು ಅನಸೂಯಾ. ಕಾರ್ಡ್ ಕ್ಯಾಟಲಾಗಿನ ಕಾಲದಲ್ಲಿ ನಾವು ‘ಪುಟ್ಟಪ್ಪ, ಕೆ.ವಿ.: ಕುವೆಂಪು ನೋಡಿ’ ಎಂದು ಒಂದು ಕಾರ್ಡು ಬರೆದು ಡ್ರಾಯರಿಗೆ ಹಾಕುತ್ತಿದ್ದೆವು. ನಿಮಗೆ ಅಂಥ ಹತ್ತು ಹನ್ನೆರಡು ಸಾಲಿನ ಒಂದು ಹಾಳೆ ಸಾಕು. ಅನುವಾದಕರಿಗೆ ಪ್ರತ್ಯೇಕ ಕಾಲಂ ಕೊಡಿ, ಇದರಲ್ಲಿ ರಿಯಾಯಿತಿ ಇಲ್ಲ. ಬಂಕಿಮಚಂದ್ರರನ್ನು ಕನ್ನಡದಲ್ಲಿ ಓದಿದ ಹಿಂದಿನ ತಲೆಮಾರು ನಿಜಕ್ಕೂ ಓದಿದ್ದು ಬಿ. ವೆಂಕಟಾಚಾರ್ಯರ ವಾಕ್ಯಗಳನ್ನು.

ವಿಷಯ ವಿಂಗಡಣೆಗೆ ಡ್ಯೂಯಿ ದಶಮಾಂಶ ಪದ್ಧತಿಯ ಗೊಡವೆಗೆ ಹೋಗಬೇಡಿ. ಅದರಲ್ಲಿ ಕನ್ನಡ ಸಾಹಿತ್ಯವೆಲ್ಲ 894.814ರ ಅಡಿಯಲ್ಲಿ ಬಂದು ಕೂರುತ್ತದೆ. ನಿಮ್ಮ ಕಪಾಟಿನ ಮುಕ್ಕಾಲು ಭಾಗಕ್ಕೆ ಒಂದೇ ಸಂಖ್ಯೆ ಬಿದ್ದರೆ ಏನು ಪ್ರಯೋಜನ? ಅದಕ್ಕಿಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಯೋಚನೆ ನಿಮ್ಮಂಥ ಕಲಸುಮೇಲೋಗರದ ಪಟ್ಟಿಗೆ ಹೊಂದುತ್ತದೆ. 1933ರಲ್ಲಿ ಕೋಲನ್ ವರ್ಗೀಕರಣವನ್ನು ಪ್ರಕಟಿಸಿದವರು, 1962ರಲ್ಲಿ ಬೆಂಗಳೂರಿನ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದವರು. ಪುಸ್ತಕವನ್ನು ಒಂದೇ ಗೂಡಿಗೆ ತುರುಕದೆ ಅದರ ಮುಖಗಳನ್ನು ಬೇರೆ ಬೇರೆ ಗುರುತಿಸುವುದು ಅವರ ಕ್ರಮ. ನಿಮ್ಮ ಮೆಣಸಿನ ಹೊತ್ತಗೆಯನ್ನೇ ತೆಗೆದುಕೊಳ್ಳಿ: ಯಾವುದರ ಬಗ್ಗೆ, ಕಾಳುಮೆಣಸು; ಅದಕ್ಕೆ ಏನಾಗಿದೆ, ಸೊರಗು ರೋಗ; ಎಲ್ಲಿಯದು, ಮಲೆನಾಡು. ವಸ್ತು, ಸ್ಥಳ, ಕಾಲ ಎಂಬ ಮೂರು ಕಾಲಂ ಇಟ್ಟರೆ ಕಾದಂಬರಿಗೂ ನಡೆಯುತ್ತದೆ, ಕೃಷಿಗೂ ನಡೆಯುತ್ತದೆ. ‘ಮಲೆನಾಡು’ ಎಂದು ಹುಡುಕಿದರೆ ಕುವೆಂಪು ಕಾದಂಬರಿಯ ಪಕ್ಕದಲ್ಲಿ ನಿಮ್ಮ ಹೊತ್ತಗೆ ಬಂದು ನಿಲ್ಲುತ್ತದೆ. ನನಗಂತೂ ಅಂಥ ಪಟ್ಟಿ ನೋಡಲು ಖುಷಿ.

ಅಪ್ಪನವರ ಹೊಲಿಗೆ ಪುಸ್ತಕಕ್ಕೆ ಪ್ರಕಾಶಕರ ಕಾಲಂನಲ್ಲಿ ಅವರ ಹೆಸರನ್ನೇ ಬರೆಯಿರಿ. ಆ ಪ್ರತಿ ಅವರು ಹೊರತಂದದ್ದೇ ತಾನೆ.

—

ಐಂಡ್‌ಹೋವನ್‌ನಿಂದ ಒಬ್ಬ:

ಅಕ್ಕ, ಗ್ರಂಥಪಾಲಕರು ಹೇಳಿದ ಮೇಲೆ ಕಾಲಂಗಳ ಬಗ್ಗೆ ನಾನು ಹೇಳುವುದಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಾಗ ಬರುವ ತಾಪತ್ರಯಗಳನ್ನಷ್ಟೇ ಹೇಳುತ್ತೇನೆ.

ಹಳೆಯ ಟಿಪ್ಪಣಿಗಳು ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿರುವ ಸಮಾನ ಸಂಕೇತ ಪದ್ಧತಿ) ಅಲ್ಲದ ಫಾಂಟಿನಲ್ಲಿದ್ದರೆ ಮೊದಲು ಪರಿವರ್ತಿಸಿಕೊಳ್ಳಿ. ಅವು ಪರದೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ. ಹುಡುಕಿದರೆ ಸಿಗುವುದಿಲ್ಲ, ಅಕಾರಾದಿ ಮಾಡಿದರೆ ಎಲ್ಲಿಂದ ಎಲ್ಲಿಗೋ ಹೋಗುತ್ತವೆ.

ಯೂನಿಕೋಡಿನಲ್ಲೂ ಒಂದು ಕಾಣದ ಕಾಟವಿದೆ. ‘ಕಾರ್ನಾಡ್‌ರ’ ಎಂದು ಬರೆಯಲು ‘ಡ್’ ಆದ ಮೇಲೆ ಒಂದು ಅಗಲವಿಲ್ಲದ ಗುರುತು ಹಾಕುತ್ತೇವೆ, ಇಲ್ಲವಾದರೆ ‘ರ’ ಒತ್ತಕ್ಷರವಾಗಿ ಕೆಳಗೆ ಇಳಿಯುತ್ತದೆ. ಮುಂದೆ ಎಂದಾದರೂ ಆ ‘ರ’ ಅಳಿಸಿದರೆ ಕಾಣದ ಗುರುತು ಮಾತ್ರ ಅಲ್ಲೇ ಉಳಿಯುತ್ತದೆ. ಆಗ ಪಟ್ಟಿಯಲ್ಲಿ ಇಬ್ಬರು ಕಾರ್ನಾಡ್ ಇರುತ್ತಾರೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಇನಿಷಿಯಲ್‌ಗಳ ಚುಕ್ಕಿಯ ನಂತರ ಒಂದು ಕಡೆ ಜಾಗ ಬಿಟ್ಟು ಇನ್ನೊಂದು ಕಡೆ ಬಿಡದಿದ್ದರೂ ಇದೇ ಕತೆ. ಪರಿಹಾರ ಸುಲಭ: ಲೇಖಕರ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಒಮ್ಮೆ ಬರೆದು, ಮುಖ್ಯ ಹಾಳೆಯಲ್ಲಿ ಅದರಿಂದ ಆರಿಸುವಂತೆ ಮಾಡಿ. ಪ್ರತಿ ಸಲ ಕೈಯಿಂದ ಬರೆಯಲೇಬೇಡಿ. ‘ಭೈರಪ್ಪ, ಎಸ್.ಎಲ್.’ ಎಂದು ಮುಖ್ಯ ಹೆಸರು ಮುಂದಿರಲಿ. ಇಲ್ಲದಿದ್ದರೆ ‘ಎ’ ಅಕ್ಷರದ ಅಡಿಯಲ್ಲಿ ಅರ್ಧ ಕರ್ನಾಟಕ ಜಮಾಯಿಸುತ್ತದೆ.

ಓದಿನ ಲೆಕ್ಕ ಇಡುವ ಆ್ಯಪ್‌ಗಳು ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಕೇಳುತ್ತವೆ. 2007ರಿಂದ ಅದು 13 ಅಂಕಿಯದು, ನಮ್ಮ ದೇಶದ್ದು 978-81 ಅಥವಾ 978-93ರಿಂದ ಶುರು. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದು ಇರುವುದೇ ಇಲ್ಲ. ಆ್ಯಪ್ ಬಳಸಿದರೂ ವರ್ಷಕ್ಕೊಮ್ಮೆ ಎಲ್ಲವನ್ನೂ ಸಿಎಸ್‌ವಿ ಕಡತವಾಗಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯ) ಇಳಿಸಿಟ್ಟುಕೊಳ್ಳಿ, ಅದು ಹೆಚ್ಚುಕಡಿಮೆ ಎಲ್ಲ ಸ್ಪ್ರೆಡ್‌ಶೀಟ್ ತಂತ್ರಾಂಶಗಳಲ್ಲೂ ತೆರೆಯುತ್ತದೆ. ನನ್ನ ಹಾಳೆಯ ಖಾಲಿ ಪ್ರತಿ ಬೇಕಾದರೆ ಕಳುಹಿಸುತ್ತೇನೆ.

—

ಪಟ್ಟಿ ಬೇಡದವ:

ಓದುವುದನ್ನು ಬಿಟ್ಟು ಓದಿನ ಗುಮಾಸ್ತಿಕೆ ಮಾಡುವುದು ಯಾಕೆ ಎಂದು ಕೇಳಬಹುದೇ? ಅಮೆರಿಕದ ಗಾಯಕ ಆರ್ಟ್ ಗಾರ್ಫಂಕಲ್ 1968ರಿಂದ ಓದಿದ ಪುಸ್ತಕಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಿದ್ದಾರೆ. ನೋಡಿದೆ. ಸಾವಿರಕ್ಕೂ ಮಿಕ್ಕಿ ಹೆಸರುಗಳು. ನನಗೆ ಅದರಿಂದ ಏನೂ ಆಗಲಿಲ್ಲ. ಈಗಂತೂ ಜನವರಿ ಬಂದರೆ ‘ಈ ವರ್ಷ ಐವತ್ತು’ ಎಂದು ಹರಕೆ ಹೊರುವವರು, ಡಿಸೆಂಬರಿನಲ್ಲಿ ತೆಳ್ಳಗಿನ ಪುಸ್ತಕ ಹುಡುಕುವವರು. ನೆನಪಿನಲ್ಲಿ ಉಳಿದದ್ದು ಓದು, ಉಳಿಯದ್ದು ಹೋಗಲಿ ಬಿಡಿ.

—

ಶಿರಸಿಯ ಓದುಗಿ:

ಎಲ್ಲರಿಗೂ ಧನ್ಯವಾದ.

ಬೇಡದವರೇ, ಹರಕೆಯ ಮಾತು ಒಪ್ಪಿದೆ. ಆದರೆ ಬರೀ ಹೆಸರುಗಳ ಪಟ್ಟಿಯನ್ನು ನೋಡಿ ಎಲ್ಲ ಪಟ್ಟಿಯೂ ಹಾಗೇ ಎನ್ನಬೇಡಿ. ಚಾರ್ಲ್ಸ್ ಡಾರ್ವಿನ್ 1838ರಿಂದ 1860ರವರೆಗೆ ಓದಬೇಕಾದದ್ದು ಒಂದು ಕಡೆ, ಓದಿದ್ದು ಇನ್ನೊಂದು ಕಡೆ ಬರೆದಿಟ್ಟರು. ಜೀವಶಾಸ್ತ್ರದ ಜೊತೆಗೆ ಕಾದಂಬರಿಗಳೂ ಅದರಲ್ಲಿವೆ. ಮೇಲೆ ಮೇಲೆ ಕಣ್ಣಾಡಿಸಿದ್ದನ್ನು ಹಾಗೆಂದೇ ನಮೂದಿಸಿದ್ದಾರೆ. ಕಾದಂಬರಿಗಳನ್ನು ತಮಗೆ ಓದಿ ಹೇಳುತ್ತಿದ್ದರೆಂದು ಆತ್ಮಕಥೆಯಲ್ಲೂ ಬರೆದಿದ್ದಾರೆ, ಅಂದರೆ ನನ್ನ ಗಮಕದ ಸಾಲಿಗೆ ದೊಡ್ಡವರ ಸಾಕ್ಷಿ ಸಿಕ್ಕಿತು. ಗುಮಾಸ್ತಿಕೆ ಎಂದಿರಿ. ನನಗೆ ಸಂಬಳ ಬರುವುದೇ ಅದರಿಂದ, ಬೇಸರವಿಲ್ಲ.

ಗ್ರಂಥಪಾಲಕರೇ, ನಿಮ್ಮ ಸಲಹೆಗಳಲ್ಲಿ ಹೆಚ್ಚಿನವು ಶಿರಸಾವಹಿಸಿದ್ದೇನೆ, ಒಂದನ್ನು ಬಿಟ್ಟು. ವಸ್ತು, ಸ್ಥಳ ಸರಿ. ಕಾದಂಬರಿಗೆ ‘ಕಾಲ’ ತುಂಬುತ್ತ ಕುಳಿತರೆ ನನ್ನ ಓದೇ ನಿಲ್ಲುತ್ತದೆ. ಅದರ ಬದಲು ‘ಹೇಗೆ ಬಂತು’ ಎಂಬ ಕಾಲಂ ಹಾಕುತ್ತಿದ್ದೇನೆ. ಲೇಖಕ, ಮುದ್ರಣ, ಇಸವಿಯನ್ನು ಯಾವ ಕ್ಯಾಟಲಾಗಿನಲ್ಲಾದರೂ ನೋಡಬಹುದು. ಈ ಪುಸ್ತಕವನ್ನು ಅತ್ತೆ ಆಸ್ಪತ್ರೆಯಲ್ಲಿದ್ದಾಗ ಪಕ್ಕದ ಹಾಸಿಗೆಯವರು ಕೊಟ್ಟರು, ಇದನ್ನು ಹುಬ್ಬಳ್ಳಿ ಬಸ್ ನಿಲ್ದಾಣದಲ್ಲಿ ಕೊಂಡೆ, ಇದರ ಹೆಸರನ್ನು ಇನ್ನೊಂದು ಪುಸ್ತಕದ ಮುನ್ನುಡಿಯಲ್ಲಿ ಕಂಡೆ ಎಂಬುದು ನಾನು ಬರೆಯದಿದ್ದರೆ ಎಲ್ಲಿಯೂ ಇರುವುದಿಲ್ಲ. ಹಳೆಯ ಷರಾಗಳನ್ನು ಓದುತ್ತ ಗಮನಿಸಿದ್ದೂ ಇದನ್ನೇ: ‘ಚೆನ್ನಾಗಿದೆ’, ‘ತುಂಬ ಚೆನ್ನಾಗಿದೆ’ ಎಂದು ಬರೆದ ಸಾಲುಗಳು ಈಗ ಏನೂ ಹೇಳುವುದಿಲ್ಲ, ಯಾರು ಕೊಟ್ಟರು ಎಂದು ಬರೆದ ಸಾಲುಗಳು ಹೇಳುತ್ತವೆ. ನಕ್ಷತ್ರ ಬೇಡ ಎಂದದ್ದು ಅದಕ್ಕೇ.

ಬಿಟ್ಟ ಪುಸ್ತಕಗಳಿಗೂ ಸಾಲು ಕೊಡುತ್ತೇನೆ: ಎಷ್ಟನೇ ಪುಟಕ್ಕೆ ಬಿಟ್ಟೆ, ಯಾಕೆ ಬಿಟ್ಟೆ. ‘ಪುಟ 112, ಅಡಿಕೆ ಕೊಯ್ಲು ಶುರುವಾಯಿತು’ ಎಂಬುದು ಒಂದು, ‘ಪುಟ 40, ಲೇಖಕರು ಉಪದೇಶಕ್ಕೆ ಇಳಿದರು’ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮತ್ತೆ ಹೋಗಬೇಕು, ಎರಡನೆಯದಕ್ಕೆ ಬೇಡ.

ಕಾಗದದ ಪುಸ್ತಕವೂ ಮುಂದುವರಿಯುತ್ತದೆ. ಸಂಘದಲ್ಲಿ ರೋಜುಕೀರ್ದಿ ದಿನದ ಕ್ರಮದಲ್ಲಿ ಇರುತ್ತದೆ, ಲೆಡ್ಜರು ಖಾತೆಯ ಕ್ರಮದಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ಬರೆಯುತ್ತೇವೆ, ಒಂದಿದೆಯೆಂದು ಇನ್ನೊಂದನ್ನು ಹರಿಯುವುದಿಲ್ಲ. ರೂಲು ಪುಸ್ತಕ ಕೀರ್ದಿ, ಕಂಪ್ಯೂಟರಿನ ಹಾಳೆ ಲೆಡ್ಜರು. ಏರಿಸುವ ಕೆಲಸವನ್ನು ಈ ವರ್ಷದಿಂದ ಹಿಂದಕ್ಕೆ ಮಾಡುತ್ತ ಹೋಗುತ್ತೇನೆ, ಎಲ್ಲಿ ಸಾಕಾದರೆ ಅಲ್ಲಿಗೆ.

ತಮ್ಮಾ, ಆ ಖಾಲಿ ಹಾಳೆ ಕಳುಹಿಸು. ಲೇಖಕರಂತೆ ಅನುವಾದಕರಿಗೂ ಆರಿಸುವ ಪಟ್ಟಿ ಬೇಕು. ಒಂದು ಪುಸ್ತಕಕ್ಕೆ ಇಬ್ಬರು ಲೇಖಕರಿದ್ದರೆ?

—

ಐಂಡ್‌ಹೋವನ್‌ನಿಂದ ಒಬ್ಬ:

ಕಳುಹಿಸಿದ್ದೇನೆ ಅಕ್ಕ. ಇಬ್ಬರಿದ್ದರೆ ಎರಡನೆಯವರಿಗೆ ಪಕ್ಕದ ಕಾಲಂ, ಒಂದೇ ಮನೆಯಲ್ಲಿ ಅಲ್ಪವಿರಾಮ ಹಾಕಿ ಇಬ್ಬರನ್ನೂ ಕೂರಿಸಬೇಡಿ. ಮೂವರಿದ್ದರೆ ಸಂಪಾದಕರನ್ನು ಹಿಡಿಯಿರಿ. ‘ಹೇಗೆ ಬಂತು’ ಕಾಲಂ ನನ್ನ ಹಾಳೆಯಲ್ಲಿ ಇರಲಿಲ್ಲ, ಈಗ ಸೇರಿಸಿದ್ದೇನೆ.