ಲಿನಕ್ಸ್‌ನಲ್ಲಿ ಎಫ್‌ಎಸ್‌ಟ್ರಿಮ್ (ಯಾವ ಬ್ಲಾಕ್ ಖಾಲಿ ಅಂತ ಎಸ್‌ಎಸ್‌ಡಿಗೆ ತಿಳಿಸೋ ಕಮಾಂಡ್) ಓಡ್ತಾ ಇಲ್ಲ, ಎಲ್ಲಿಂದ ಹುಡುಕ್ಲಿ? ಗೊತ್ತಿರೋರು ಅನುಭವ ಹೇಳಿ

ಎಸ್‌ಎಸ್‌ಡಿ ಮೇಲೆ ಲಕ್ಸ್ ಎನ್‌ಕ್ರಿಪ್ಷನ್, ಅದರ ಮೇಲೆ ಎಲ್‌ವಿಎಂ (ಡಿಸ್ಕ್ ಜಾಗವನ್ನ ವಾಲ್ಯೂಮ್‌ಗಳಾಗಿ ಹಂಚೋ ಪದರ), ಅದರ ಮೇಲೆ ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಹಾಕಿದೀನಿ. ಎಫ್‌ಎಸ್‌ಟ್ರಿಮ್ ಕೊಟ್ರೆ ಡಿಸ್ಕಾರ್ಡ್ (ಈ ಬ್ಲಾಕ್ ಖಾಲಿ ಅಂತ ಕೆಳಗಿನ ಪದರಕ್ಕೆ ಕಳಿಸೋ ಸೂಚನೆ) ಸಪೋರ್ಟ್ ಇಲ್ಲ ಅಂತ ಎರರ್ ಬರುತ್ತೆ. ಡ್ರೈವೇ ಹೋಯ್ತಾ? ರೂಟ್ (ಸಿಸ್ಟಂ ಇರೋ ಮುಖ್ಯ ಫೈಲ್‌ಸಿಸ್ಟಂ) ಕೂಡ ಲಕ್ಸ್ ಒಳಗೇ ಇದೆ.

ಉತ್ತರ 1: ಡ್ರೈವ್‌ಗೆ ಏನೂ ಆಗಿರಲ್ಲ, ಗಾಬರಿ ಬೇಡ. ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ದೊಡ್ಡ ಡಿ ಆಪ್ಷನ್ ಕೊಟ್ಟು ನೋಡಿ, ಅದರಲ್ಲಿ ಡಿಸ್ಕ್-ಗ್ರಾನ್, ಡಿಸ್ಕ್-ಮ್ಯಾಕ್ಸ್ ಅನ್ನೋ ಕಾಲಂಗಳು ಇರುತ್ತೆ, ಮೊದಲು ಡಿಸ್ಕ್ ಸಾಲು ನೋಡಿ ಆಮೇಲೆ ಒಂದೊಂದೇ ಪದರ ಕೆಳಗೆ ಬನ್ನಿ, ಎಲ್ಲಿಂದ 0 ಶುರುವಾಗುತ್ತೋ ಅಲ್ಲೇ ಡಿಸ್ಕಾರ್ಡ್ ನಿಂತಿದೆ ಅಂತ ಲೆಕ್ಕ. ನನ್ನದ್ರಲ್ಲಿ ಲಕ್ಸ್ ಸಾಲಲ್ಲಿ ನಿಂತಿತ್ತು. ನಾನು ಅದನ್ನ ನೋಡದೆ ಮೊದಲು ಎಲ್‌ವಿಎಂ ಕಾನ್ಫಿಗ್‌ನಲ್ಲಿರೋ ಇಶ್ಯೂ-ಡಿಸ್ಕಾರ್ಡ್ಸ್ 1 ಮಾಡಿ ಒಂದು ಸಂಜೆಯೆಲ್ಲಾ ಕಳೆದೆ. ಅದು ವಾಲ್ಯೂಮ್ ಅಳಿಸಿದಾಗ, ಚಿಕ್ಕದು ಮಾಡಿದಾಗ ಮಾತ್ರ ಲೆಕ್ಕಕ್ಕೆ ಬರೋದು, ಫೈಲ್‌ಸಿಸ್ಟಂ ಕಳಿಸೋ ಟ್ರಿಮ್‌ಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮದ್ರಲ್ಲೂ ಲಕ್ಸ್‌ನಲ್ಲೇ ನಿಂತಿದ್ರೆ ಕ್ರಿಪ್ಟ್‌ಟ್ಯಾಬ್ (ಎನ್‌ಕ್ರಿಪ್ಟ್ ಆದ ಡಿಸ್ಕ್‌ಗಳ ಪಟ್ಟಿ ಇರೋ ಫೈಲ್) ನಲ್ಲಿ ಲಕ್ಸ್ ಸಾಲಿನ ಕೊನೇಲಿರೋ ಆಪ್ಷನ್‌ಗಳಿಗೆ ಡಿಸ್ಕಾರ್ಡ್ ಸೇರಿಸಿ, ನಿಮ್ಮ ರೂಟೂ ಒಳಗಿರೋದ್ರಿಂದ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗೋ ಚಿಕ್ಕ ಸಿಸ್ಟಂ) ಮತ್ತೆ ಕಟ್ಟಿ ರೀಬೂಟ್ ಮಾಡಿ. ಒಂದು ವಿಷಯ ಮಾತ್ರ ಯೋಚನೆ ಮಾಡಿ: ಇದನ್ನ ಆನ್ ಮಾಡಿದ್ರೆ ಡಿಸ್ಕ್ ಕೈಗೆ ಸಿಕ್ಕವರಿಗೆ ಯಾವ ಬ್ಲಾಕ್ ಖಾಲಿ ಅಂತ ಗೊತ್ತಾಗುತ್ತೆ, ಡೀಫಾಲ್ಟ್ ಆಗಿ ಆಫ್ ಇಟ್ಟಿರೋದೇ ಅದಕ್ಕೆ.

ಉತ್ತರ 2: ಸರಿಹೋದ ಮೇಲೆ ಎರಡನೇ ಸಲ ಓಡಿಸಿದಾಗ 0 ಬೈಟ್ ಅಂತ ಬಂದ್ರೆ ಮತ್ತೆ ಕೆಟ್ಟಿತು ಅನ್ಕೋಬೇಡಿ. ಇಎಕ್ಸ್‌ಟಿ4 ಈಗಾಗ್ಲೇ ಟ್ರಿಮ್ ಆದ ಬ್ಲಾಕ್ ಗ್ರೂಪ್‌ಗಳನ್ನ ಮೆಮೊರಿಯಲ್ಲಿ ನೆನಪಿಟ್ಕೊಂಡು ಬಿಟ್ಟುಬಿಡುತ್ತೆ.

ಉತ್ತರ 3: ನನ್ನ ಕಥೆ ವರ್ಚುವಲ್ ಮಷಿನ್‌ದು. ಒಳಗೆ ಎಫ್‌ಎಸ್‌ಟ್ರಿಮ್ ಇಷ್ಟು ಜಿಬಿ ಆಯ್ತು ಅಂತ ಖುಷಿಯಾಗಿ ಹೇಳ್ತಿತ್ತು, ಹೊರಗೆ ಹೋಸ್ಟ್‌ನಲ್ಲಿ ಕ್ಯೂಕೌ2 ಫೈಲ್ (ಆ ಮಷಿನ್‌ನ ಡಿಸ್ಕ್ ಆಗಿರೋ ಫೈಲ್) ತಿನ್ನೋ ಜಾಗ ಒಂಚೂರೂ ಇಳೀತಿರ್ಲಿಲ್ಲ. ಮಷಿನ್‌ನ ಡಿಸ್ಕ್ ಸೆಟ್ಟಿಂಗ್‌ನಲ್ಲಿ ಡಿಸ್ಕಾರ್ಡ್ ಅನ್‌ಮ್ಯಾಪ್ ಅಂತ ಕೊಟ್ಟು, ಪೂರ್ತಿ ಆಫ್ ಮಾಡಿ ಆನ್ ಮಾಡಿದ ಮೇಲೇನೇ ಇಳೀತು. ಫೈಲ್ ಎಷ್ಟು ಜಾಗ ತಿಂತಿದೆ ಅಂತ ಡಿಯು ಕಮಾಂಡ್‌ನಲ್ಲಿ ನೋಡಿ, ಎಲ್‌ಎಸ್ ಹಳೇ ಸೈಜನ್ನೇ ತೋರಿಸ್ತಾ ಇರುತ್ತೆ.

ಪ್ರಶ್ನೆ ಕೇಳಿದವರು: ಲಕ್ಸ್ ಸಾಲಲ್ಲೇ 0 ಇತ್ತು ಸರ್! ಡಿಸ್ಕಾರ್ಡ್ ಸೇರಿಸಿ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿ ರೀಬೂಟ್ ಮಾಡಿದೆ, ಈಗ ಎರರ್ ಇಲ್ಲ, ಎರಡನೇ ಸಲ 0 ಬೈಟೂ ಬಂತು. ವಾರಕ್ಕೊಮ್ಮೆ ಓಡೋ ಎಫ್‌ಎಸ್‌ಟ್ರಿಮ್ ಟೈಮರ್ ಆನ್ ಮಾಡಿ ಇಟ್ಟಿದೀನಿ.